ಬಾಗಿಲಿಗಂಟಿದ ಕಾಗದ

ಸಾರ್ವಜನಿಕ ಮಳಿಗೆಗಳ ಒಳಬಾಡಿಗೆದಾರನಿಗೆ ಕಾನೂನಿನಲ್ಲಿ ನೆಲೆ ಎಷ್ಟು?

ಮಂಡಿಕಲ್ ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಇಂಥ ಊರುಗಳನ್ನು ಬಲ್ಲವರಿಗೆ ಅಲ್ಲಿನ ಬೆಳಗನ್ನು ವರ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ಮೊದಲ ಬಸ್ಸು ಬರುವುದಕ್ಕೆ ಮುನ್ನವೇ ಹೋಟೆಲಿನ ಒಲೆ ಹೊತ್ತಿರುತ್ತದೆ. ಹಾಲಿನ ಕ್ಯಾನುಗಳ ಸದ್ದು ಕೇಳಿಬರುತ್ತದೆ. ಬಳಿಕ ಒಂದೊಂದಾಗಿ ಅಂಗಡಿಗಳ ಬಾಗಿಲು ಮೇಲೇರುತ್ತವೆ: ಗೊಬ್ಬರ ಮತ್ತು ಬಿತ್ತನೆಯ ಬೀಜ, ದಿನಸಿ, ಕ್ಷೌರ, ಮೋಟಾರು ಸೈಕಲ್ಲುಗಳ ರಿಪೇರಿ, ದರ್ಜಿಯ ಹೊಲಿಗೆ.

ಅಂಥ ಸಾಲೊಂದರಲ್ಲಿ ಒಬ್ಬ ದರ್ಜಿಯಿದ್ದಾನೆಂದು ಕಲ್ಪಿಸಿಕೊಳ್ಳೋಣ. ಆತ ಈ ಲೇಖನಕ್ಕಾಗಿ ಹುಟ್ಟಿದವನು. ಆದರೆ ಆತನ ಪಾಡು ಕಲ್ಪನೆಯದಲ್ಲ, ನಾಡಿನ ಯಾವ ಪೇಟೆಯಲ್ಲಿ ಬೇಕಾದರೂ ಅದನ್ನು ಕಾಣಬಹುದು. ಆತ ಕುಳಿತಿರುವ ಮಳಿಗೆ ಪಂಚಾಯಿತಿಯದು. ಹರಾಜಿನಲ್ಲಿ ಅದನ್ನು ಹಿಡಿದವರು ಬೇರೆಯವರು. ಅವರು ತಿಂಗಳಿಗೆ ಪಂಚಾಯಿತಿಗೆ ಒಂದು ರೂಪಾಯಿ ಕಟ್ಟುವರಾದರೆ ದರ್ಜಿ ಅವರಿಗೆ ಮೂರು ರೂಪಾಯಿ ಕೊಡುತ್ತಾನೆ. ಇದಕ್ಕೆ ಕರಾರು ಪತ್ರವಿಲ್ಲ, ರಸೀತಿಯಿಲ್ಲ. ಮೊದಲಿಗೆ ಕೊಟ್ಟ ಮುಂಗಡಕ್ಕೆ ಸಾಕ್ಷಿಯೆಂದರೆ ಕೊಟ್ಟವನ ನೆನಪು ಒಂದೇ. ಹತ್ತು ವರ್ಷ ಹೀಗೆಯೇ ಕಳೆದಿದೆ. ಶಾಲೆಯ ಮಕ್ಕಳ ಸಮವಸ್ತ್ರಕ್ಕೂ ಮದುವೆಯ ರವಿಕೆಗೂ ಸುತ್ತಿನ ಹಳ್ಳಿಗಳವರು ಆ ಬಾಗಿಲಿಗೇ ಬರುತ್ತಾರೆ.

ಒಂದು ಬೆಳಗ್ಗೆ ಆತ ಬಂದು ನೋಡಿದಾಗ ಬಾಗಿಲಿನ ಮೇಲೆ ಒಂದು ಕಾಗದ ಅಂಟಿಸಿದೆ. ಅದರಲ್ಲಿ ತನ್ನ ಹೆಸರಿಲ್ಲ. ಹರಾಜು ಹಿಡಿದವರ ಹೆಸರಿದೆ. ಕೆಳಗೆ ‘ಮತ್ತು ಸಂಬಂಧಪಟ್ಟ ಎಲ್ಲರಿಗೂ’ ಎಂದಿದೆ. ದರ್ಜಿ ಕಾಗದದ ಸುದ್ದಿ ಹೊತ್ತು ಅವರ ಮನೆಗೆ ಓಡುತ್ತಾನೆ.

“ಅಣ್ಣಾ, ಬಾಗಿಲಿಗೆ ನೋಟೀಸು ಅಂಟಿಸವ್ರೆ.”

“ಅದಕ್ಯಾಕಪ್ಪ ಹೆದರ್ತೀಯಾ? ವರ್ಷಕ್ಕೊಂದು ಸಲ ಅಂಟಿಸ್ತಾರೆ. ನಾನು ಮಾತಾಡ್ತೀನಿ, ನೀನು ಹೋಗಿ ಮಿಷನ್ನು ತುಳಿ.”

ದರ್ಜಿ ನಂಬಿ ಹಿಂದಿರುಗುತ್ತಾನೆ. ಆತನಿಗೆ ಇರುವ ಒಂದೇ ಒಂದು ಹಕ್ಕು ಆ ಕಾಗದದಲ್ಲಿತ್ತು ಎಂಬುದು ಆತನಿಗೆ ತಿಳಿಯದು. ಅದು ಯಾವ ಹಕ್ಕು, ಎಷ್ಟು ದಿನದ ಹಕ್ಕು ಎಂಬುದನ್ನು ವಿಚಾರಿಸುವುದೇ ಇಲ್ಲಿಯ ಉದ್ದೇಶ.

ಒಳಬಾಡಿಗೆ ಹುಟ್ಟುವ ಬಗೆ

ಸರ್ಕಾರ, ಪುರಸಭೆ, ಪಂಚಾಯಿತಿ, ನಿಗಮಗಳು ತಮ್ಮ ಕಟ್ಟಡಗಳನ್ನು ಬಾಡಿಗೆಗೆ ಕೊಡುವಾಗ ಬಹುಮಟ್ಟಿಗೆ ಒಂದು ನಿಬಂಧನೆಯನ್ನು ವಿಧಿಸುತ್ತವೆ: ಪಡೆದವನು ಅದನ್ನು ಇನ್ನೊಬ್ಬರಿಗೆ ವಹಿಸಿಕೊಡಕೂಡದು. ಕರಾರಿಗೆ ಸಹಿ ಬೀಳುತ್ತದೆ. ನಿಬಂಧನೆ ಕಡತದಲ್ಲಿ ಮಲಗುತ್ತದೆ. ಪೇಟೆಯ ಬಾಡಿಗೆ ವರ್ಷದಿಂದ ವರ್ಷಕ್ಕೆ ಏರಿದರೂ ಸಾರ್ವಜನಿಕ ಮಳಿಗೆಯ ಬಾಡಿಗೆ ಹಿಂದೆಯೇ ಉಳಿಯುತ್ತದೆ. ಈ ಎರಡರ ನಡುವಿನ ಅಂತರವೇ ಒಳಬಾಡಿಗೆಯ ತವರು. ಅಂತರ ದೊಡ್ಡದಾದಷ್ಟೂ ಮಳಿಗೆಯನ್ನು ತಾನೇ ನಡೆಸುವುದಕ್ಕಿಂತ ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತಿರುವುದೇ ಲಾಭವೆಂದು ತೋರುತ್ತದೆ.

ಇದರಲ್ಲಿ ನಷ್ಟ ಪಡುವವರು ಇಬ್ಬರು. ಒಳಬಾಡಿಗೆದಾರ ಕೊಡುವ ಹಣದ ಬಹುಪಾಲು ಊರಿನ ಬೊಕ್ಕಸವನ್ನು ಮುಟ್ಟುವುದಿಲ್ಲ. ಬೀದಿಯ ದೀಪಕ್ಕೂ ಚರಂಡಿಗೂ ಆಗಬೇಕಾಗಿದ್ದ ಹಣ ಅದು. ಇತ್ತ ಹಣ ಕೊಟ್ಟವನಿಗೆ ಕೊಟ್ಟಷ್ಟು ಭದ್ರತೆಯೂ ಇಲ್ಲ. ಕೆಲವು ಮಳಿಗೆಗಳನ್ನು ಪರಿಶಿಷ್ಟ ಜಾತಿ, ಪಂಗಡಗಳವರಿಗೆಂದು ಮೀಸಲಿಡುವುದುಂಟು. ಅಂಥ ಮಳಿಗೆ ಒಬ್ಬರ ಹೆಸರಿನಲ್ಲಿದ್ದು ಮತ್ತೊಬ್ಬರ ಕೈಯಲ್ಲಿ ನಡೆಯತೊಡಗಿದರೆ ಮೀಸಲಾತಿಯ ಉದ್ದೇಶವೇ ಕೆಟ್ಟಿತು. ಆದುದರಿಂದ ಒಳಬಾಡಿಗೆಯನ್ನು ತಡೆಯಬೇಕೆಂಬ ಕಾನೂನಿನ ಹಟ ನಿಷ್ಕಾರಣವಾದುದಲ್ಲ.

ತಡೆ ಬಿಗಿಯಾದಂತೆ ವೇಷಗಳೂ ಹೆಚ್ಚಿದವು. ಒಳಬಾಡಿಗೆದಾರನನ್ನು ಕೇಳಿದರೆ ತಾನು ‘ಪಾಲುದಾರ’ ಎನ್ನುತ್ತಾನೆ, ‘ಮ್ಯಾನೇಜರು’ ಎನ್ನುತ್ತಾನೆ, ‘ಅವರ ಅಕ್ಕನ ಮಗ’ ಎಂದೂ ಹೇಳಿಯಾನು. ನ್ಯಾಯಾಲಯಗಳು ಈ ವೇಷಗಳನ್ನು ಕಂಡಿವೆ. ದೆಹಲಿಯ ಇಂಪೀರಿಯಲ್ ಹೋಟೆಲಿನಲ್ಲಿ ಕ್ಷೌರದ ವ್ಯಾಪಾರ ನಡೆಸುತ್ತಿದ್ದವನೊಬ್ಬನ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 1959ರಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಿತು: ಪತ್ರಕ್ಕೆ ಕೊಟ್ಟ ಹೆಸರು ಮುಖ್ಯವಲ್ಲ, ಅದರ ಹೂರಣ ಮುಖ್ಯ. ‘ಅನುಮತಿ ಪತ್ರ’ ಎಂದು ಬರೆದಿದ್ದರೂ ಒಳಗಿರುವುದು ಬಾಡಿಗೆಯೇ ಆಗಿದ್ದರೆ ಅದು ಬಾಡಿಗೆಯೇ. ಸ್ಥಳದ ಪೂರ್ತಿ ಸ್ವಾಧೀನ ಯಾರ ಕೈಯಲ್ಲಿದೆ ಎಂಬುದು ಆ ಹೂರಣದ ದೊಡ್ಡ ಗುರುತು. ಜೀವ ವಿಮಾ ನಿಗಮದ ಕಟ್ಟಡವೊಂದರ ಮೊಕದ್ದಮೆಯಲ್ಲಿ 1998ರಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಒಳಬಾಡಿಗೆಯೆಂಬುದು ಮಾಲಿಕನ ಕಣ್ಣು ತಪ್ಪಿಸಿ ನಡೆಯುವ ವ್ಯವಹಾರ. ಹಣ ಗುಟ್ಟಾಗಿ ಕೈ ಬದಲಾಯಿಸುತ್ತದೆ. ಅದಕ್ಕೆ ರಸೀತಿಯನ್ನು ತೋರಿಸೆಂದು ಮಾಲಿಕನನ್ನು ಕೇಳಲಾಗದು. ಬೇರೊಬ್ಬ ಒಳಗೆ ಕುಳಿತಿದ್ದು ಮೂಲ ಬಾಡಿಗೆದಾರ ಹೊರಗೆ ಹೋಗಿದ್ದರೆ, ಹಣ ಸಂದಿದೆಯೆಂದು ನ್ಯಾಯಾಲಯ ಊಹಿಸಿಕೊಳ್ಳಬಹುದು.

ಮರ ಬಿದ್ದರೆ ಬಂದಳಿಕೆಯೂ ಬಿದ್ದಂತೆ

ಮಾವಿನ ಮರದ ಕೊಂಬೆಯಲ್ಲಿ ಬಂದಳಿಕೆ ಬೆಳೆಯುವುದನ್ನು ಎಲ್ಲರೂ ಕಂಡಿದ್ದಾರೆ. ಅದಕ್ಕೆ ನೆಲದಲ್ಲಿ ಬೇರಿಲ್ಲ. ಮರವನ್ನು ಕಡಿದರೆ ಅದನ್ನು ಬೇರೆಯಾಗಿ ಕಡಿಯಬೇಕಾಗಿಲ್ಲ. ಕಾನೂನು ಒಳಬಾಡಿಗೆದಾರನನ್ನು ಕಾಣುವುದು ಹೆಚ್ಚುಕಡಮೆ ಹೀಗೆಯೇ. ವ್ಯತ್ಯಾಸವೆಂದರೆ ತೋಟದಲ್ಲಿ ಬಂದಳಿಕೆ ಮರದ ರಸವನ್ನು ಹೀರುತ್ತದೆ. ಪೇಟೆಯಲ್ಲಿ ಮರವೇ ಬಂದಳಿಕೆಯ ರಸವನ್ನು ಹೀರುತ್ತದೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆ ಇಂದಿಗೂ ಬಾಡಿಗೆ ಸಂಬಂಧಗಳ ತಳಪಾಯ. ಅದರ 108ನೆಯ ಪ್ರಕರಣದ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಬಾಡಿಗೆದಾರ ಒಳಬಾಡಿಗೆಗೆ ಕೊಡಬಹುದು. ಸಾರ್ವಜನಿಕ ಮಳಿಗೆಗಳ ಕರಾರಿನಲ್ಲಿ ಆ ‘ಬೇರೆ ಮಾತು’ ಇದ್ದೇ ಇರುವುದರಿಂದ ಈ ಬಾಗಿಲು ಮುಚ್ಚಿದೆ. 115ನೆಯ ಪ್ರಕರಣ ಇನ್ನೊಂದು ಸೂಕ್ಷ್ಮವನ್ನು ಹೇಳುತ್ತದೆ. ಮೂಲ ಬಾಡಿಗೆದಾರ ತಾನಾಗಿ ಬಾಡಿಗೆಯನ್ನು ಬಿಟ್ಟುಕೊಟ್ಟರೆ, ಅದಕ್ಕೆ ಮುಂಚೆ ಸಕ್ರಮವಾಗಿ ಒಳಬಾಡಿಗೆ ಪಡೆದವನಿಗೆ ಅದರಿಂದ ಬಾಧಕವಿಲ್ಲ. ಆದರೆ ಷರತ್ತು ಮುರಿದ ತಪ್ಪಿಗೆ ಬಾಡಿಗೆ ಮುಟ್ಟುಗೋಲಾದರೆ, ಒಳಬಾಡಿಗೆಯೂ ಸಾಮಾನ್ಯವಾಗಿ ಅದರೊಡನೆ ಅಳಿಯುತ್ತದೆ. ದರ್ಜಿಯ ಪಾಲಿಗೆ ಅಲ್ಲಿ ಕುಳಿತಿರುವುದೇ ಷರತ್ತು ಮುರಿದುದರ ಸಾಕ್ಷಿ!

ಮಾಲಿಕ ದಾವೆ ಹೂಡಿದಾಗಲಾದರೂ ಒಳಬಾಡಿಗೆದಾರನನ್ನು ಕಕ್ಷಿಯಾಗಿ ಸೇರಿಸಬೇಕೇ? 1964ರಲ್ಲಿ ರೂಪ್‌ಚಂದ್ ಗುಪ್ತಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ‘ಅಗತ್ಯವಿಲ್ಲ’ ಎಂದಿತು. ಮೂಲ ಬಾಡಿಗೆದಾರನ ವಿರುದ್ಧವಾದ ಡಿಕ್ರಿ ಅವನನ್ನು ನೆಚ್ಚಿ ಒಳಗಿರುವವನನ್ನೂ ಕಟ್ಟಿಹಾಕುತ್ತದೆ. ಬಾಡಿಗೆದಾರ ತನಗೆ ಪ್ರತಿವಾದವಿಲ್ಲವೆಂದು ತಿಳಿದು ಸುಮ್ಮನಿದ್ದುಬಿಟ್ಟರೆ, ಅಷ್ಟರಿಂದಲೇ ಅದು ಮಾಲಿಕನೊಡನೆ ಮಾಡಿಕೊಂಡ ಒಳಸಂಚಾಗುವುದಿಲ್ಲ. ಒಳಸಂಚು ನಡೆದಿದ್ದರೆ ಅದನ್ನು ಒಳಬಾಡಿಗೆದಾರನೇ ರುಜುವಾತುಪಡಿಸಬೇಕು.

ಬಾಡಿಗೆ ನಿಯಂತ್ರಣದ ಕೊಡೆ

‘ಬಾಡಿಗೆದಾರರನ್ನು ಕಾಪಾಡುವುದಕ್ಕೆ ಬೇರೆ ಕಾನೂನೇ ಇದೆಯಲ್ಲ’ ಎಂದು ವಾಚಕರು ಕೇಳಬಹುದು. ಇತ್ತು, ಇದೆ. ಮೈಸೂರು ರಾಜ್ಯದ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ 21ನೆಯ ಪ್ರಕರಣ ಯಾವ ಯಾವ ಕಾರಣಗಳಿಗೆ ಮಾತ್ರ ಬಾಡಿಗೆದಾರನನ್ನು ಎಬ್ಬಿಸಬಹುದೆಂದು ಎಣಿಸಿ ಹೇಳಿತ್ತು. ಅಕ್ರಮ ಒಳಬಾಡಿಗೆ ಆ ಕಾರಣಗಳಲ್ಲೊಂದು. 2001ರ ಡಿಸೆಂಬರ್ 31ರಿಂದ ಅದರ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದಿತು. ಆದರೆ ಈ ಎರಡು ಕಾಯ್ದೆಗಳೂ ಒಂದು ವಿಷಯದಲ್ಲಿ ಏಕಮತ: ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆಗೆ ಸೇರಿದ ಕಟ್ಟಡಗಳಿಗೆ ಅವು ಅನ್ವಯಿಸುವುದಿಲ್ಲ. ಮಳೆಯಲ್ಲಿ ಎಲ್ಲರಿಗೂ ಹಿಡಿದ ಕೊಡೆ ಪಂಚಾಯಿತಿಯ ಮಳಿಗೆಯ ಮುಂದೆ ಬಂದೊಡನೆ ಮಡಚಿಕೊಳ್ಳುತ್ತದೆ.

ಸರ್ಕಾರವು ಲಾಭಕ್ಕಾಗಿ ಬಾಡಿಗೆದಾರನನ್ನು ಪೀಡಿಸದು ಎಂಬ ನಂಬಿಕೆ ಈ ವಿನಾಯಿತಿಯ ಹಿಂದಿದೆ. ಆ ನಂಬಿಕೆಗೆ ತಕ್ಕ ಹೊಣೆಯೂ ಉಂಟೆಂಬುದನ್ನು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಮುಂಬಯಿ ಬಂದರು ಮಂಡಲಿಯ ಬಾಡಿಗೆದಾರರಾದ ದ್ವಾರಕಾದಾಸ್ ಮಾರ್ಫಾತಿಯಾ ಸಂಸ್ಥೆಯ ಮೊಕದ್ದಮೆಯಲ್ಲಿ ಎತ್ತಿ ಹೇಳಿತು. ಸಾರ್ವಜನಿಕ ಸಂಸ್ಥೆ ಮನೆಯೊಡೆಯನಾದಾಗಲೂ ಸಾರ್ವಜನಿಕ ಸಂಸ್ಥೆಯೇ. ಅದರ ನಡೆ ವಿವೇಕದಿಂದ ಕೂಡಿರಬೇಕು, ಮನಸ್ವೇಚ್ಛೆಯದಾಗಿರಬಾರದು. ಆ ಮೊಕದ್ದಮೆಯಲ್ಲಿ ಬಾಡಿಗೆದಾರ ಸೋತರೂ ಈ ತತ್ತ್ವ ಉಳಿಯಿತು.

ಕಾಯ್ದೆ ನಡೆದುಬಂದ ದಾರಿ

ಸಾರ್ವಜನಿಕ ಕಟ್ಟಡಗಳಿಂದ ಜನರನ್ನು ಎಬ್ಬಿಸುವುದಕ್ಕೆ ಬೇರೆಯೇ ಒಂದು ಶೀಘ್ರಮಾರ್ಗವಿದೆ. ಅದರ ಕಥೆ ಗಣರಾಜ್ಯದಷ್ಟೇ ಹಳೆಯದು. 1950ರಲ್ಲಿ ಸಂಸತ್ತು ಸರ್ಕಾರಿ ಕಟ್ಟಡಗಳ ತೆರವಿನ ಕಾಯ್ದೆಯನ್ನು ಮಾಡಿತು. ಅನುಮತಿಯಿಲ್ಲದೆ ಒಳಬಾಡಿಗೆಗೆ ಕೊಡುವುದೇ ಅಲ್ಲಿ ಹೆಸರಿಸಿದ ಮೊದಲ ಅಪರಾಧ. ಅಧಿಕಾರಿಗೆ ಹಾಗೆಂದು ಮನವರಿಕೆಯಾದರೆ ಸಾಕು. ಪಡೆದವನೂ, ಒಳಗಿರುವ ಬೇರೆ ಯಾರೇ ಆಗಲಿ ಅವರೂ, 15 ದಿನಗಳೊಳಗೆ ಹೊರಡಬೇಕೆಂದು ಆಜ್ಞೆ ಮಾಡಬಹುದಾಗಿತ್ತು. ‘ನಿನ್ನ ಮಾತೇನು?’ ಎಂದು ಮೊದಲು ಕೇಳಬೇಕೆಂಬ ವಿಧಿ ಅದರಲ್ಲಿರಲಿಲ್ಲ. ಕಲ್ಕತ್ತ, ಅಲಹಾಬಾದು, ಪಂಜಾಬುಗಳ ಉಚ್ಚ ನ್ಯಾಯಾಲಯಗಳು ಈ ಕಾಯ್ದೆ ಸಂವಿಧಾನಕ್ಕೆ ಒಪ್ಪುವುದಲ್ಲವೆಂದವು. ಅದರ ಬದಲಿಗೆ 1958ರಲ್ಲಿ ಹೊಸ ಕಾಯ್ದೆ ಬಂದಿತು. ಕಾರಣ ಕೇಳುವ ನೋಟೀಸೂ ಮೇಲ್ಮನವಿಯೂ ಅದರಲ್ಲಿ ಸೇರಿದವು. ರಾಜ್ಯಗಳು ಇದೇ ಮಾದರಿಯಲ್ಲಿ ತಮ್ಮ ತಮ್ಮ ಕಾಯ್ದೆಗಳನ್ನು ಮಾಡಿಕೊಂಡವು. ಪಂಜಾಬು 1959ರಲ್ಲಿ ಮಾಡಿತು, ಮೈಸೂರು 1961ರಲ್ಲಿ.

ಅಲ್ಲಿಗೂ ಮುಗಿಯಲಿಲ್ಲ. ಚಂಡೀಗಡದ ಮೌಂಟ್ ವ್ಯೂ ಹೋಟೆಲನ್ನು ಪಂಜಾಬು ಸರ್ಕಾರದಿಂದ ಆರು ವರ್ಷಗಳಿಗೆ ಗುತ್ತಿಗೆ ಹಿಡಿದಿದ್ದ ನಾರ್ದರ್ನ್ ಇಂಡಿಯಾ ಕೇಟರರ್ಸ್ ಸಂಸ್ಥೆ, ಅವಧಿ ಮುಗಿದ ಮೇಲೆ ತೆರವಿನ ನೋಟೀಸು ಬಂದಾಗ ನ್ಯಾಯಾಲಯದ ಮೆಟ್ಟಿಲೇರಿತು. ಅದರ ವಾದ ಸರಳವಾದುದು. ಸರ್ಕಾರ ಒಬ್ಬನ ಮೇಲೆ ಸಾಮಾನ್ಯ ದಾವೆ ಹೂಡಬಹುದು, ಮತ್ತೊಬ್ಬನನ್ನು ಶೀಘ್ರಮಾರ್ಗದಲ್ಲಿ ಹೊರಡಿಸಬಹುದು. ಯಾರಿಗೆ ಯಾವುದು ಎಂಬುದು ಅಧಿಕಾರಿಯ ಇಷ್ಟ. ಇದು ಸಮಾನತೆಯೇ? 1967ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಮೂವರಿಗೆ ಇಬ್ಬರ ಬಹುಮತದಿಂದ, ಇದು ಸಮಾನತೆಯಲ್ಲವೆಂದು ತೀರ್ಪಿತ್ತು ಪಂಜಾಬಿನ ಕಾಯ್ದೆಯ ಮುಖ್ಯ ಪ್ರಕರಣವನ್ನು ತಳ್ಳಿಹಾಕಿತು.

ಸಂಸತ್ತು ಇದಕ್ಕೆ ಕೊಟ್ಟ ಉತ್ತರ ಚತುರತೆಯದು. ಎರಡು ದಾರಿಗಳಿರುವುದು ದೋಷವಾದರೆ ಒಂದನ್ನು ಮುಚ್ಚಿಬಿಟ್ಟರಾಯಿತು! 1971ರ ಸಾರ್ವಜನಿಕ ಆವರಣಗಳ (ಅನಧಿಕೃತ ಅಧಿಭೋಗದಾರರನ್ನು ಹೊರಹಾಕುವ) ಅಧಿನಿಯಮ ಈ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವನ್ನೇ ತೆಗೆದುಹಾಕಿತು. ತಾನು 1958ರ ಸೆಪ್ಟೆಂಬರ್ 16ರಿಂದಲೇ ಜಾರಿಯಲ್ಲಿದ್ದಂತೆ ಭಾವಿಸತಕ್ಕದ್ದೆಂದೂ ಸಾರಿತು. 1974ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠವೊಂದು ಮುಂಬಯಿ ಪೌರಸಭೆಯ ಮೊಕದ್ದಮೆಯಲ್ಲಿ 1967ರ ತೀರ್ಪಿನ ತತ್ತ್ವವನ್ನೇ ಕೈಬಿಟ್ಟಿತು. ಅದೇ 1974ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ, ಇಲ್ಲಿಯೂ ಹೊಸ ಕಾಯ್ದೆ ರೂಪುಗೊಂಡಿತು. ಸರ್ಕಾರದ ಕಟ್ಟಡಗಳಲ್ಲದೆ ಸ್ಥಳೀಯ ಸಂಸ್ಥೆಗಳ ಕಟ್ಟಡಗಳೂ ಅದರ ವ್ಯಾಪ್ತಿಗೆ ಸೇರಿದವು.

ಈ ಕಾಯ್ದೆಗಳ ತೆಕ್ಕೆ ಎಷ್ಟು ದೊಡ್ಡದೆಂಬುದು ಅನೇಕರಿಗೆ ತಡವಾಗಿ ಅರಿವಾಯಿತು. 1969ರ ಜುಲೈನಲ್ಲಿ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳು ಕನ್ನಡ ನಾಡಿನಲ್ಲಿ ಹುಟ್ಟಿದವು. ಇಂಥ ಬ್ಯಾಂಕುಗಳ, ವಿಮಾ ಸಂಸ್ಥೆಗಳ ಕಟ್ಟಡಗಳೂ ಕೇಂದ್ರ ಕಾಯ್ದೆಯ ಕಣ್ಣಿನಲ್ಲಿ ಸಾರ್ವಜನಿಕ ಆವರಣಗಳೇ. ಬಾಡಿಗೆ ನಿಯಂತ್ರಣ ಕಾಯ್ದೆಗೂ ಈ ಕಾಯ್ದೆಗೂ ಜಗಳ ಬಿದ್ದಾಗ ಯಾವುದು ಮೇಲು? ಪಂಜಾಬ್ ನ್ಯಾಷನಲ್ ಬ್ಯಾಂಕಿನ ವಿರುದ್ಧ ಅಶೋಕ ಮಾರ್ಕೆಟಿಂಗ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ 1990ರಲ್ಲಿ ಸಂವಿಧಾನ ಪೀಠ, ಸಾರ್ವಜನಿಕ ಆವರಣಗಳ ಕಾಯ್ದೆಯೇ ಮೇಲೆಂದು ನಿರ್ಣಯಿಸಿತು. ಅವಧಿ ಮುಗಿದ ಸಾಚಾ ಬಾಡಿಗೆದಾರನೂ ‘ಅನಧಿಕೃತ’ನೆಂಬ ವ್ಯಾಖ್ಯೆಯೊಳಗೆ ಬರುತ್ತಾನೆಂದಿತು. ಸಾಚಾ ಬಾಡಿಗೆದಾರನ ಗತಿಯೇ ಹೀಗಾದರೆ ಒಳಬಾಡಿಗೆದಾರನ ಮಾತೇನು?

‘ಸಂಬಂಧಪಟ್ಟ ಎಲ್ಲರೂ’

ಹೀಗೆ ಒಂದೊಂದಾಗಿ ಬಾಗಿಲುಗಳು ಮುಚ್ಚಿದ ಮೇಲೆ ಉಳಿಯುವುದು ದರ್ಜಿಯ ಬಾಗಿಲಿಗಂಟಿದ ಕಾಗದ. ಅದನ್ನು ಈಗ ಮತ್ತೊಮ್ಮೆ ಓದಬೇಕು.

ಕೇಂದ್ರ ಕಾಯ್ದೆಯ 4ನೆಯ ಪ್ರಕರಣದ ಪ್ರಕಾರ ತೆರವಿಗೆ ಮುನ್ನ ಎಸ್ಟೇಟ್ ಅಧಿಕಾರಿ ನೋಟೀಸು ಕೊಡಬೇಕು. ರಾಜ್ಯದ ಕಾಯ್ದೆಯಲ್ಲಿ ಈ ಕೆಲಸ ಸಕ್ಷಮ ಅಧಿಕಾರಿಯದು. ಏಕೆ ಹೊರಹಾಕಬೇಕೆಂಬ ಕಾರಣ ನೋಟೀಸಿನಲ್ಲಿ ಕಾಣಿಸಿರಬೇಕು. ಅದು ಯಾರಿಗೆ? ‘ಸಂಬಂಧಪಟ್ಟ ಎಲ್ಲರಿಗೂ’. ಎಂದರೆ, ಆ ಆವರಣದಲ್ಲಿ ಇರುವವರು, ಇರಬಹುದಾದವರು, ಅದರಲ್ಲಿ ತಮಗೆ ಹಿತಾಸಕ್ತಿಯುಂಟೆಂದು ಹೇಳುವವರು ಎಲ್ಲರಿಗೂ. ಬಾಡಿಗೆಯ ಕಡತದಲ್ಲಿ ಹೆಸರಿಲ್ಲದವನು, ರಸೀತಿಯಿಲ್ಲದವನು, ಡಿಕ್ರಿಯಲ್ಲಿ ಕಕ್ಷಿಯಾಗದವನು ಇಲ್ಲಿ ಮೊತ್ತಮೊದಲಿಗೆ ಕಾನೂನಿನ ಕಣ್ಣಿಗೆ ಬೀಳುತ್ತಾನೆ. ಅವನನ್ನು ಅದು ಕಾಣುವುದು ಹೊರಡಿಸುವ ಗಳಿಗೆಯಲ್ಲಿ ಮಾತ್ರ, ಆದರೂ ಕಾಣುತ್ತದೆ. ಉತ್ತರ ಕೊಡುವ ಹಕ್ಕೂ, ಸಾಕ್ಷ್ಯ ಒದಗಿಸುವ ಹಕ್ಕೂ, ಖುದ್ದಾಗಿ ಹೇಳಿಕೊಳ್ಳುವ ಹಕ್ಕೂ ಅವನಿಗಿವೆ.

ಆದರೆ ಇದೇ ಪ್ರಕರಣದಲ್ಲಿ ಒಂದು ಮುಳ್ಳೂ ಇದೆ. ನೋಟೀಸನ್ನು ಹೊರಬಾಗಿಲಿಗೋ ಎದ್ದುಕಾಣುವ ಬೇರೆ ಜಾಗಕ್ಕೋ ಅಂಟಿಸಿದರೆ ಎಲ್ಲರಿಗೂ ತಲುಪಿದಂತೆಯೇ ಲೆಕ್ಕ. ಓದಲು ಬಾರದವನಿಗೂ ಅದು ತಲುಪಿತು. ತಂಗಿಯ ಮದುವೆಗೆಂದು ಪರಸ್ಥಳಕ್ಕೆ ಹೋಗಿದ್ದವನಿಗೂ ತಲುಪಿತು. ಗಾಳಿಗೆ ಕಿತ್ತು ಹಾರಿದರೂ ತಲುಪಿತು. ಉತ್ತರಕ್ಕೆ ಕೇಂದ್ರ ಕಾಯ್ದೆ ಕೊಡುವ ಕಾಲ ವಾರದ ಲೆಕ್ಕದ್ದು. ಆಜ್ಞೆಯಾದ ಮೇಲೆ ಜಿಲ್ಲಾ ನ್ಯಾಯಾಧೀಶರಲ್ಲಿ ಮೇಲ್ಮನವಿ ಸಲ್ಲಿಸುವುದಕ್ಕೆ 12 ದಿನ. ಕರ್ನಾಟಕದ ಕಾಯ್ದೆಯಲ್ಲೂ ಮೇಲ್ಮನವಿ ಜಿಲ್ಲಾ ನ್ಯಾಯಾಧೀಶರಿಗೇ. ಮಂಡಿಕಲ್ಲಿನವರಿಗೆ ಹಿಂದೆ ಜಿಲ್ಲೆಯೆಂದರೆ ಕೋಲಾರ. 2007ರಲ್ಲಿ ಚಿಕ್ಕಬಳ್ಳಾಪುರವೇ ಜಿಲ್ಲೆಯಾದ ಮೇಲೆ ಜಿಲ್ಲಾ ಕೇಂದ್ರದ ಹಾದಿ ಹತ್ತಿರವಾಗಿದೆ. ದಿನಗಳ ಲೆಕ್ಕ ಮಾತ್ರ ಯಾರಿಗೂ ಹತ್ತಿರವಾಗಿಲ್ಲ. ಅದನ್ನು ದಾಟಿದರೆ ಉಳಿಯುವುದು ಉಚ್ಚ ನ್ಯಾಯಾಲಯದ ರಿಟ್ಟು. ಅದಕ್ಕೆ ಬೆಂಗಳೂರಿನ ಬಸ್ಸು ಹತ್ತಬೇಕು, ಕೈಯಲ್ಲಿ ಹಣವಿರಬೇಕು.

ಇನ್ನೂ ಕಠಿಣವಾದುದು ಹಣದ ಮಾತು. 7ನೆಯ ಪ್ರಕರಣದ ಪ್ರಕಾರ ಅನಧಿಕೃತವಾಗಿ ಇದ್ದ ಕಾಲಕ್ಕೆ ನಷ್ಟಪರಿಹಾರವನ್ನು ವಿಧಿಸಬಹುದು. ಅದನ್ನು ಕೇಳುವುದು ‘ಇದ್ದವನನ್ನು’. ಇಲ್ಲಿಯವರೆಗೆ ಪ್ರತಿ ತಿಂಗಳೂ ತಪ್ಪದೆ ಬಾಡಿಗೆ ತೆತ್ತಿರುವ ದರ್ಜಿ, ಆ ಬಾಡಿಗೆ ಪಂಚಾಯಿತಿಯನ್ನು ಸೇರದೆ ಇದ್ದುದರಿಂದ, ಅದೇ ಸ್ಥಳಕ್ಕೆ ಎರಡನೆಯ ಸಲ ಹಣ ತೆರಬೇಕಾದ ಪ್ರಸಂಗ ಒದಗಬಹುದು. ‘ಅಣ್ಣ’ನಿಗೆ ಕೊಟ್ಟೆನೆನ್ನುವುದಕ್ಕೆ ರಸೀತಿ ಎಲ್ಲಿ? ತೆರವಾದ ಮೇಲೆ ಒಳಗುಳಿದ ಸಾಮಾನನ್ನು, 14 ದಿನಕ್ಕೆ ಕಡಮೆಯಿಲ್ಲದ ನೋಟೀಸು ಕೊಟ್ಟು, ಹರಾಜು ಹಾಕಲೂ ಕೇಂದ್ರ ಕಾಯ್ದೆಯಲ್ಲಿ ಅವಕಾಶವುಂಟು. ಬೇಗ ಕೆಡುವ ಪದಾರ್ಥಗಳಾದರೆ ಆ ನೋಟೀಸೂ ಬೇಡ. ಹೂವಿನವಳ ಮಲ್ಲಿಗೆಗೂ ತರಕಾರಿಯವನ ಟೊಮೇಟೊಗೂ ಕಾನೂನು ಕಾಯುವುದಿಲ್ಲ.

ಬಲವಂತಕ್ಕೆ ಎಡೆಯಿಲ್ಲ

ಇಷ್ಟೆಲ್ಲ ಇದ್ದರೂ ಒಂದು ಗೆರೆಯನ್ನು ದಾಟಲು ಯಾವ ಸರ್ಕಾರಕ್ಕೂ ಅಧಿಕಾರವಿಲ್ಲ. ಪಂಜಾಬಿನ ಬರ್ನಾಲಾದಲ್ಲಿ ಸರ್ಕಾರದ ಭೂಮಿಯ ಮೇಲೆ, ಅಂದಿನ ಪಟಿಯಾಲಾ ಸಂಸ್ಥಾನದ ಅನುಮತಿಯಿಂದ, ಒಂದು ಧರ್ಮಶಾಲೆಯೂ ದೇವಾಲಯವೂ ಅಂಗಡಿಗಳೂ ಎದ್ದಿದ್ದವು. ಮುಂದೆ ಅಧಿಕಾರಿಗಳು ಪೊಲೀಸರ ನೆರವಿನಿಂದ ಅವನ್ನು ವಶಪಡಿಸಿಕೊಂಡರು. ಬಿಷನ್ ದಾಸರ ಈ ಮೊಕದ್ದಮೆಯಲ್ಲಿ 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಟುವಾಗಿಯೇ ನುಡಿಯಿತು. ಭೂಮಿ ಸರ್ಕಾರದ್ದೇ ಇರಬಹುದು. ಆದರೆ ಕಾನೂನಿನ ವಿಧಿಯನ್ನು ಬಿಟ್ಟು ತೋಳಬಲದಿಂದ ಪ್ರಜೆಯನ್ನು ಹೊರದಬ್ಬುವುದು ಕಾನೂನಿನ ಆಳ್ವಿಕೆಯ ಬುಡಕ್ಕೇ ಕೊಡಲಿಯಿಟ್ಟಂತೆ. ಗುತ್ತಿಗೆಯ ಅವಧಿ ಮುಗಿದಿದ್ದರೂ ಸರ್ಕಾರ ಕಾನೂನಿನ ಮಾರ್ಗದಿಂದಲೇ ಸ್ವತ್ತನ್ನು ಮರಳಿ ಪಡೆಯಬೇಕೆಂದು, ಉತ್ತರ ಪ್ರದೇಶ ಸರ್ಕಾರದ ಮೊಕದ್ದಮೆಯೊಂದರಲ್ಲಿ 1989ರಲ್ಲಿ ಮತ್ತೆ ಅದೇ ನ್ಯಾಯಾಲಯ ಹೇಳಿತು. ಮುಂಬಯಿಯ ಕಾಲುದಾರಿಗಳಲ್ಲಿ ಬಿಡಾರ ಹೂಡಿದ್ದವರ ಪ್ರಸಿದ್ಧ ಮೊಕದ್ದಮೆಯಲ್ಲಿ 1985ರಲ್ಲಿ, ಹೊಟ್ಟೆಪಾಡಿನ ಹಕ್ಕು ಬದುಕುವ ಹಕ್ಕಿನದೇ ಅಂಗವೆಂದು ಐವರು ನ್ಯಾಯಮೂರ್ತಿಗಳು ಸಾರಿದರು. ಆ ಬಿಡಾರಗಳು ಉಳಿಯಲಿಲ್ಲ. ಆದರೆ ಮಳೆಗಾಲ ಕಳೆಯುವ ಮುನ್ನ, ಅಕ್ಟೋಬರ್ 31ರವರೆಗೆ, ಅವನ್ನು ಮುಟ್ಟಕೂಡದೆಂದು ಆಜ್ಞೆಯಾಯಿತು.

ಅಕ್ರಮವಾಗಿ ಹೊರದಬ್ಬಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದೆಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಪ್ರಕರಣ ಹೇಳುತ್ತದೆ. ಹಕ್ಕುಪತ್ರವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಕುಳಿತಿದ್ದುದು ನಿಜವೇ ಎಂದಷ್ಟೇ ಕೇಳುತ್ತಾರೆ. ಮೂಲ ಬಾಡಿಗೆದಾರನೇ ರಾತ್ರೋರಾತ್ರಿ ಬೀಗ ಬದಲಿಸಿದರೆ ದರ್ಜಿಗೆ ಈ ದಾರಿ ತೆರೆದಿದೆ. ಸರ್ಕಾರದ ವಿರುದ್ಧ ಮಾತ್ರ ಈ ಪ್ರಕರಣದ ಕೆಳಗೆ ದಾವೆ ಸಲ್ಲದು.

ಸೂಚನೆಯಲ್ಲಿ ಯಾರು, ಹೊರಗೆ ಯಾರು?

ಶೀಘ್ರಮಾರ್ಗವನ್ನು ಬ್ಯಾಂಕು, ವಿಮಾ ಸಂಸ್ಥೆಗಳು ಬಾಡಿಗೆ ಏರಿಸುವ ಹತಾರವಾಗಿ ಬಳಸುತ್ತಿವೆಯೆಂಬ ದೂರುಗಳು ಹೆಚ್ಚಿದಾಗ ಕೇಂದ್ರ ಸರ್ಕಾರ 2002ರ ಮೇ 30ರಂದು ಕೆಲವು ಮಾರ್ಗಸೂಚಿಗಳನ್ನು ಹೊರಡಿಸಿತು. ಸಾಚಾ ಬಾಡಿಗೆದಾರರ ಮೇಲೆ ವ್ಯಾಪಾರದ ದೃಷ್ಟಿಯಿಂದ ಈ ಕಾಯ್ದೆಯನ್ನು ಪ್ರಯೋಗಿಸಬಾರದು ಎಂಬುದು ಅವುಗಳ ತಿರುಳು. ಹಾಗಾದರೆ ಕಾಯ್ದೆ ಮುಖ್ಯವಾಗಿ ಯಾರಿಗಾಗಿ? ಅದಕ್ಕೂ ಅಲ್ಲಿ ಉತ್ತರವಿದೆ: ಯಾವ ಅನುಮತಿಯೂ ಇಲ್ಲದೆ ನುಗ್ಗಿದವರಿಗೆ, ಸೇವೆಯಿಂದ ನಿವೃತ್ತರಾದ ಮೇಲೂ ಮನೆ ಬಿಡದ ನೌಕರರಿಗೆ, ಮತ್ತು ಒಳಬಾಡಿಗೆದಾರರಿಗೆ. ಬಾಡಿಗೆದಾರರ ಬಗ್ಗೆ ಮರುಕದಿಂದ ಬರೆದ ಕಾಗದದಲ್ಲಿಯೂ ದರ್ಜಿಯ ಸ್ಥಾನ ಅತಿಕ್ರಮಿಸಿದವನ ಪಕ್ಕದಲ್ಲಿಯೇ. ಈ ಮಾರ್ಗಸೂಚಿಗಳು ಸಲಹೆಯ ಸ್ವರೂಪದವು, ಅವುಗಳಿಂದ ಹಕ್ಕು ಹುಟ್ಟುವುದಿಲ್ಲವೆಂದು 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದರಿಂದ ಸಾಚಾ ಬಾಡಿಗೆದಾರನ ಸಮಾಧಾನವೂ ಅಷ್ಟಕ್ಕಷ್ಟೆ.

ಅತಿಕ್ರಮಿಸಿದವನನ್ನೂ ಒಳಬಾಡಿಗೆದಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಮೊದಲನೆಯವನು ಏನನ್ನೂ ಕೊಡದೆ ಕುಳಿತವನು. ಎರಡನೆಯವನು ಪೇಟೆಯ ಪೂರ್ತಿ ಬೆಲೆಯನ್ನು ಕೊಟ್ಟು, ಕೊಡಬಾರದವರ ಕೈಗೆ ಕೊಟ್ಟು, ಕುಳಿತವನು. ಮಳಿಗೆಯನ್ನು ತಾನು ನಡೆಸದೆ ಬಾಡಿಗೆಯ ಅಂತರವನ್ನು ಜೇಬಿಗಿಳಿಸಿದ ಮೂಲ ಬಾಡಿಗೆದಾರ ತೆರವಿನ ದಿನ ಅಲ್ಲಿರುವುದೇ ಇಲ್ಲ. ಸಾಮಾನು ಬೀದಿಗೆ ಬೀಳುವುದು ಇನ್ನೊಬ್ಬನದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಇಲ್ಲಿಗೆ ಸಲ್ಲುತ್ತದೆ. ಆದರೆ ಇಲ್ಲಿ ಬಹುಕಾಲ ಜಗಳವೇ ಇರುವುದಿಲ್ಲ. ಹತ್ತು ವರ್ಷ ಬಾಗಿಲಲ್ಲಿ ಹೋಗಿಬರುವ ಪಂಚಾಯಿತಿಯ ಕಣ್ಣಿಗೆ ಬೇರೊಬ್ಬನ ಹೊಲಿಗೆ ಯಂತ್ರ ಕಾಣದೆಯೇ ಇದ್ದೀತೆ? ಕಂಡೂ ಸುಮ್ಮನಿದ್ದು, ಹತ್ತನೆಯ ವರ್ಷ ವಾರದ ಗಡುವಿಡುವುದು ಕಾನೂನಿಗೆ ಒಪ್ಪಿಗೆಯಾಗಬಹುದು. ವಿವೇಕದ ಮನೆಯೊಡೆಯನ ನಡೆಯೆನಿಸಲಾರದು.

ಪರಿಹಾರ ಇದೇ ಕಾಯ್ದೆಗಳ ಚೌಕಟ್ಟಿನೊಳಗೇ ಉಂಟು. ಬಾಡಿಗೆಯನ್ನು ಕಾಲಕಾಲಕ್ಕೆ ಪೇಟೆಯ ಮಟ್ಟಕ್ಕೆ ತಂದರೆ ಒಳಬಾಡಿಗೆಗೆ ಕಾರಣವಾದ ಅಂತರವೇ ಅಳಿಯುತ್ತದೆ. ವರ್ಷಕ್ಕೊಮ್ಮೆ ಮಳಿಗೆಗಳಲ್ಲಿ ಯಾರಿದ್ದಾರೆಂದು ನೋಡಿ ಬರೆದಿಟ್ಟರೆ ಹತ್ತು ವರ್ಷದ ತಪ್ಪು ಒಂದೇ ವರ್ಷದಲ್ಲಿ ಸಿಕ್ಕಿಬೀಳುತ್ತದೆ. ಷರತ್ತು ಮುರಿದ ಮೂಲ ಬಾಡಿಗೆದಾರನಿಂದಲೇ ಮೊದಲು ವಸೂಲು ಮಾಡಿ, ಮಳಿಗೆಯನ್ನು ಬಹಿರಂಗ ಹರಾಜಿಗಿಟ್ಟರೆ ದರ್ಜಿಯೂ ತನ್ನ ಹೆಸರಿನಲ್ಲಿ ಕೂಗಬಹುದು. ಮೂರು ರೂಪಾಯಿ ಕೊಡುತ್ತಿದ್ದವನಿಗೆ ಅದನ್ನು ಪಂಚಾಯಿತಿಗೆ ಕೊಡುವುದು ಕಷ್ಟವಲ್ಲ. ಆಗ ಬೊಕ್ಕಸಕ್ಕೂ ಒಂದರ ಬದಲು ಮೂರು.

ಅಲ್ಲಿಯವರೆಗೆ ದರ್ಜಿಯಂಥವರು ನೆನಪಿಡಬೇಕಾದುದು ಸ್ವಲ್ಪವೇ. ಸಾರ್ವಜನಿಕ ಮಳಿಗೆಯನ್ನು ಯಾರಿಂದಲೇ ಹಿಡಿಯುವ ಮುನ್ನ ಮೂಲ ಕರಾರನ್ನು ಕೇಳಿ ಓದಿಸಿಕೊಳ್ಳಬೇಕು. ಕೊಟ್ಟ ಹಣಕ್ಕೆ ಗುರುತು ಉಳಿಯುವ ಹಾಗೆ ಕೊಡಬೇಕು. ಬಾಗಿಲಿಗೆ ಕಾಗದ ಅಂಟಿದ ದಿನ ‘ಅಣ್ಣ’ನ ಮನೆಗೆ ಓಡುವುದಕ್ಕೆ ಮೊದಲು ಅದನ್ನು ತಿಳಿದವರಲ್ಲಿಗೆ ಒಯ್ದು ದಿನಾಂಕವನ್ನು ನೋಡಿಸಬೇಕು, ಗಡುವಿನೊಳಗೆ ಬರವಣಿಗೆಯಲ್ಲಿ ಉತ್ತರ ಕೊಟ್ಟು ಹೇಳಿಕೆಗೆ ಅವಕಾಶ ಕೋರಬೇಕು. ಉತ್ತರದಿಂದ ಮಳಿಗೆ ಉಳಿಯುವುದು ಅಪರೂಪ. ಆದರೆ ಸಾಮಾನು ಸಾಗಿಸುವಷ್ಟು ಕಾಲ, ನಷ್ಟಪರಿಹಾರದ ಹೊರೆಯನ್ನು ಹೊರಬೇಕಾದವರ ಹೆಸರು, ಮುಂದಿನ ಹರಾಜಿನಲ್ಲಿ ನಿಲ್ಲುವ ದಾರಿ, ಇವೆಲ್ಲ ಆ ಹೇಳಿಕೆಯಿಂದಲೇ ಹುಟ್ಟಬೇಕು.

ಸಂಜೆಗೆ ಕೊನೆಯ ಬಸ್ಸು ಹೋದ ಮೇಲೆ ದರ್ಜಿ ಬಾಗಿಲೆಳೆದು ಬೀಗ ಹಾಕುತ್ತಾನೆ. ಕಾಗದ ಇನ್ನೂ ಅಲ್ಲಿಯೇ ಇದೆ. ಒಂದು ಮೂಲೆ ಗಾಳಿಗೆ ಬಿಟ್ಟುಕೊಂಡಿದೆ. ಅವನು ಅದನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸುತ್ತಾನೆ. ಗಡುವಿಗೆ ಇನ್ನು ಆರು ದಿನ.